ಅಂಗಡಿ ತೋಟಾ

ಮೊಂಟಾನಾದಲ್ಲಿ ಶಾಲಾ ಬಸ್ಸು ರಿಪೇರಿ ಮಾಡುವ ಓರಿನ್ ಹೌಗನ್‌ಗೆ ಅಂಗಡಿಯಲ್ಲಿ ಸಿಗುವ ಕೋವಿಯ ತೋಟಾ ಕಂಡರೆ ಆಗುತ್ತಿರಲಿಲ್ಲ. ತನ್ನ ಕೋವಿಗೆ ತಾನೇ ಮದ್ದು ತೂಗಿ ಹಿತ್ತಾಳೆ ಕೊಳವೆಗೆ ಹಾಕಬೇಕು, ಅದರ ಬಾಯಿಗೆ ತಾನೇ ಗುಂಡು ಕೂರಿಸಬೇಕು. ಈ ಹುಚ್ಚಿಗೆ ಗ್ಯಾರೇಜು ಬಿಟ್ಟುಕೊಟ್ಟು ಕಾರು ಹಿಮದಲ್ಲಿ ನಿಂತಿತ್ತು.

ವರ್ಷಗಟ್ಟಲೆ ಅರ್ಜಿ ಹಾಕಿದ ಮೇಲೆ, ಎಲ್ಕ್ ಎಂಬ ಭಾರೀ ಜಿಂಕೆಯ ಗಂಡನ್ನು ಹೊಡೆಯುವ ಪರವಾನಗಿ ಈ ಸಲ ಲಾಟರಿಯಲ್ಲಿ ಅವನ ಹೆಸರಿಗೆ ಬಂದಿತ್ತು. ಇನ್ನೊಮ್ಮೆ ಬರುವ ಹೊತ್ತಿಗೆ ಬೆಟ್ಟ ಹತ್ತುವ ಮಂಡಿ ಉಳಿದಿರುವುದಿಲ್ಲ. ಅದಕ್ಕೇ ಬೇಸಿಗೆಯಿಡೀ ತೋಟಾ ಕಟ್ಟಿದ, ಹೊಡೆದ, ಬೈದ. ಮದ್ದು ಬದಲಿಸಿದರೆ ಏಟು ಎಡಕ್ಕೆ. ಗುಂಡು ಬದಲಿಸಿದರೆ ಗುರಿಕಾಗದಕ್ಕೆ ಸಿಡುಬು ಎದ್ದ ಹಾಗೆ ಮೈತುಂಬ ತೂತು. ಯುದ್ಧಕಾಲೇ ಶಸ್ತ್ರಾಭ್ಯಾಸ ಎನ್ನುವುದು ಇಂಥವರನ್ನು ಕಂಡೇ ಹೇಳಿದ್ದು. ಬೇಟೆಯ ಕಾಲ ಶುರುವಾದರೂ ಅವನು ಗ್ಯಾರೇಜು ಬಿಡಲಿಲ್ಲ.

"ಒಂದು ಪೊಟ್ಟಣ ಅಂಗಡಿದು ತಗೊಂಡ್ ಬಾ," ಎಂದಳು ಹೆಂಡತಿ ಮಾವಿಸ್. "ಪ್ರತಿ ವರ್ಷ ನಾನು ಜಿಂಕೆ ಹೊಡೆಯೋದು ಅದ್ರಲ್ಲೇ."

"ಅಂಗಡಿದು ಯಾರ ಕೋವಿಗೋ ಮಾಡಿದ್ದು, ಮಾವಿಸ್."

"ನಿನ್ನ ಪ್ಯಾಂಟೂ ಯಾರಿಗೋ ಹೊಲಿದದ್ದೇ. ಸೊಂಟದ ಮೇಲೆ ನಿಂತಿಲ್ವಾ?"

ಕೊನೆಗೆ, ಕೋವಿಯ ನಳಿಗೆಯೊಳಗೆ ಕೊರೆದ ಗೆರೆಗಳಿಗೆ ತಾಗುವಷ್ಟು ಮುಂದಕ್ಕೆ ಗುಂಡು ಕೂರಿಸಿದಾಗ ಏಟುಗಳೆಲ್ಲ ಒಂದೇ ತೂತಿನಲ್ಲಿ ಹೋದವು. ಆ ಕಾಗದ ಫ್ರಿಜ್ಜಿನ ಬಾಗಿಲಿಗೇರಿತು. ಅಷ್ಟರಲ್ಲಿ ಬೇಟೆಗೆ ಉಳಿದದ್ದು ಕೊನೆಯ ದಿನವೊಂದೇ. ಹೊರಡುವಾಗ ಮಾವಿಸ್ ತನ್ನ ಕೋವಿಯನ್ನೂ ಎತ್ತಿಕೊಂಡಳು.

"ಅದ್ಯಾಕೆ ಸುಮ್ನೆ ಭಾರ? ಮನೇಲಿಡು," ಎಂದ ಓರಿನ್. ಅವಳು ವಾಪಸ್ ಇಟ್ಟು ಬಂದಳು.

ಓರಿನ್ ಕೋವಿಗೆ ತೋಟಾ ಏರಿಸಿಕೊಂಡು ಬೆಟ್ಟ ಹತ್ತುವಾಗ ಮುಳ್ಳುತಂತಿ ಬೇಲಿ ಅಡ್ಡ ಬಂತು. ತುಂಬಿದ ಕೋವಿ ಹಿಡಿದು ಬೇಲಿ ದಾಟಬಾರದು ಎಂದು ಅಪ್ಪ ಕಿವಿ ಹಿಂಡಿ ಕಲಿಸಿದ್ದ. ತೋಟಾ ತೆಗೆಯಲು ಕೋವಿಯ ಚಿಲಕದಂಥ ಬೋಲ್ಟ್ ಎಳೆದ. ಹಿತ್ತಾಳೆ ಕೊಳವೆ ಮಾತ್ರ ಹೊರಬಂತು. ಗುಂಡು ನಳಿಗೆಯನ್ನೇ ಕಚ್ಚಿಕೊಂಡು ಕೂತಿತ್ತು. ಮದ್ದೆಲ್ಲ ಕೋವಿಯೊಳಗೆ ಚೆಲ್ಲಿಹೋಯಿತು. ಇಷ್ಟು ದಿನ ಏರಿಸಿದ್ದನ್ನೆಲ್ಲ ಹೊಡೆದೇ ಖಾಲಿ ಮಾಡಿದ್ದ ಪುಣ್ಯಾತ್ಮ, ಹೊಡೆಯದೆ ಹೊರತೆಗೆದು ಒಮ್ಮೆಯೂ ನೋಡಿರಲಿಲ್ಲ. ಗುಂಡು ತಳ್ಳುವ ಕಂಬಿ ಗ್ಯಾರೇಜಿನ ಗೋಡೆಯ ಮೇಲಿತ್ತು.

"ಓರಿನ್," ಎಂದು ಮಾವಿಸ್ ಪಿಸುಗುಟ್ಟಿದಳು.

ಬೇಲಿಯಾಚೆ ಗಂಡು ಎಲ್ಕ್ ನಿಂತಿತ್ತು. ಇವರನ್ನು ನೋಡಿತು, ಹುಲ್ಲಿಗೆ ಬಾಯಿ ಹಾಕಿತು, ಮತ್ತೆ ನೋಡಿತು, ಆಮೇಲೆ ತನ್ನ ಪಾಡಿಗೆ ಪೈನ್ ಮರಗಳೊಳಗೆ ಹೋಯಿತು. ಓರಿನ್‌ಗೆ ಸಿಟ್ಟಿಗಿಂತ ಮೊದಲು ಅಳು ಬಂತು, ಹೆಂಡತಿಯ ಮುಂದೆಯೇ ಅತ್ತ.

ಮರುದಿನ ಊಟಕ್ಕೆ ಕೂತಾಗ ಮಾವಿಸ್ ಅವನ ತಟ್ಟೆಗೆ ಹುರಿದ ದನದ ಮಾಂಸ ಹಾಕಿದಳು.

"ಅಂಗಡಿದು," ಎಂದಳು. "ಯಾರಿಗೋ ಕಡಿದಿಟ್ಟದ್ದು. ತಿನ್ನು."