ಬಿದಿರಕ್ಕಿಗೆ ಬಂದ ಕೆಂಪು ಹಕ್ಕಿ

ಹೋದ ಮಾಗಿಯಲ್ಲಿ, ಎಚ್.ಡಿ. ಕೋಟೆ ಕಡೆಯ ನಮ್ಮ ಹೊಲದ ಬದುವಿನ ಬಿದಿರು ಹೂ ಬಿಟ್ಟಿತು. ಜನ್ಮಕ್ಕೆ ಒಂದೇ ಸಲ ಹೂ ಬಿಟ್ಟು, ಬೀಜ ಉದುರಿಸಿ ಸಾಯುವ ಗಿಡ ಅದು. ಹಿಮಾಲಯಕ್ಕೆ ಸುದ್ದಿ ಯಾರು ಮುಟ್ಟಿಸಿದರೋ ಕಾಣೆ, ಫೆಬ್ರವರಿ ಹೊತ್ತಿಗೆ ಗುಬ್ಬಿ ಗಾತ್ರದ ಹಕ್ಕಿಗಳ ನಿಯೋಗವೊಂದು ಬಂದಿಳಿಯಿತು. ರೋಸ್‌ಫಿಂಚ್. ಗೂಡು ಕಟ್ಟುವುದು ಅಲ್ಲಿಯ ಬೆಟ್ಟದ ಕಾಡುಗಳಲ್ಲಿ. ಚಳಿಗಾಲದ ಊಟಕ್ಕೆ ನಮ್ಮಲ್ಲಿಗೆ. ಗಂಡಿನ ತಲೆ, ಎದೆ ಕುಂಕುಮ ಚೆಲ್ಲಿದಂತೆ ಕೆಂಪು. ಹೆಣ್ಣು ಗೆರೆಗೆರೆಯ ಕಂದು ಹಕ್ಕಿ. ವರ್ಷ ತುಂಬದ ಗಂಡೂ ಹಾಗೆಯೇ, ಅದಕ್ಕೆ ಕೆಂಪು ಅಂಗಿ ಇನ್ನೂ ಮಂಜೂರಾಗಿರುವುದಿಲ್ಲ. ಮೊಂಡು ಕೊಕ್ಕಿನಲ್ಲಿ ಬಿದಿರಕ್ಕಿ ಒಡೆದು, ಕಾಳು ನುಂಗಿ, ಹೊಟ್ಟನ್ನು ನನ್ನ ತಲೆಯ ಮೇಲೆ ಉದುರಿಸುತ್ತಿದ್ದವು. ಸನ್ಮಾನವೆಂದೇ ಸ್ವೀಕರಿಸಿದೆ.

ಇದನ್ನೆಲ್ಲ ಅಣ್ಣನಿಗೆ ವಿವರಿಸಿದ್ದು ನನ್ನ ತಪ್ಪು. ಹೂ ಬಿಟ್ಟ ಬಿದಿರು ಮನೆಗಾಗದು ಎಂಬ ನಂಬಿಕೆ ನಮ್ಮ ಕಡೆ ಇದೆ. "ಬೀಜ ಉದುರೋಗಂಟ ಕಡೀಬ್ಯಾಡ ಅಣ್ಣ, ಬುಡದಲ್ಲಿ ಮರಿ ಏಳ್ತವೆ" ಎಂದಿದ್ದೆ. ತಲೆಯಾಡಿಸಿದ್ದ.

ಮದುವೆಗೆಂದು ಹುಣಸೂರಿಗೆ ಹೋಗಿ ಎರಡು ದಿನ ಬಿಟ್ಟು ಬಸ್ಸಿಳಿದರೆ, ಹಾಡಹಗಲೇ ಆನೆ ಓಡಿಸುವ ಪಟಾಕಿಯ ಸದ್ದು. ಓಡಿದೆ. ಬಿದಿರ ಮೆಳೆ ಪೂರ್ತಿ ನೆಲಕ್ಕೆ ಮಲಗಿತ್ತು. ಅಣ್ಣ ಕೈಯಲ್ಲಿ ಪಟಾಕಿ, ಬೆಂಕಿಪೊಟ್ಟಣ ಹಿಡಿದು ನಿಂತಿದ್ದ.

"ಆನೆ ಎಲ್ಲಣ್ಣ?"

"ಆನೆ ಅಲ್ಲ ಕಣ್ಲಾ, ಈ ಕೆಂಪಕ್ಕಿ! ಕಡುದ್ರೂ ಬುಟ್ಟು ಓಯ್ತಾ ಇಲ್ಲ."

"ನಿಂಗೇನ್ ಮಾಡಿದ್ವು ಅವು?"

"ನೀನೇ ಏಳ್ದಲ್ಲ, ಇವು ಬಂದ್ ವರ್ಸ ಬಿದ್ರು ಸಾಯ್ತದೆ ಅಂತ. ಬಿದ್ರು ಮುಗ್ಸುದ್ವು. ನಾಳೆ ಒಗೆಸೊಪ್ಪಿನ ಮಡಿಗೆ ಕುಂತ್ಕಂಡ್ರೆ?"

"ಸತ್ತೋರ ಮನೆಗೆ ಉಣ್ಣಕ್ ಬಂದೋರೇ ಕೊಂದ್ರು ಅಂತೀಯಲ್ಲ! ಅಂಗಾದ್ರೆ ಒಂದ್ ತಿಥಿನೂ ಬುಡದ ನಿನ್ ಮ್ಯಾಲೆ ಎಷ್ಟ್ ಕೇಸ್ ಹಾಕ್ಬೇಕು?"

"ಬಯ್ಬ್ಯಾಡ ಬುಡ್ಲಾ. ಬ್ಯಾರನ್ನಿಗೆ ಸೌದೆ ಆಯ್ತು."

ಹೊಗೆಸೊಪ್ಪು ಬೇಯಿಸುವ ಒಲೆಗೆ ನನ್ನ ಮೆಳೆ! ಒಂದು ತೆನೆ ಕಿತ್ತು, ಉಗುರಿನಿಂದ ಕಾಳು ಸೀಳಿ ಅವನ ಮೂಗಿಗೆ ಹಿಡಿದೆ. ಬಿಳಿ ಹಾಲು. ಮಾಗಿದ ಕಾಳು ಅಲ್ಲೊಂದು ಇಲ್ಲೊಂದು. ಹಕ್ಕಿ ಹುಡುಕುತ್ತಿದ್ದದ್ದು ಅವನ್ನೇ. ಹಾಲುಗಾಳಿನ ರಾಗಿಯನ್ನು ಯಾರಾದರೂ ಕುಯ್ದರೆ ಊರನ್ನೇ ಕೂಡಿಸುವ ಮನುಷ್ಯ ನಮ್ಮಣ್ಣ.

"ಅಯ್ಯೋ, ಇನ್ನೂ ಬಲ್ತೇ ಇರ್ನಿಲ್ವಲ್ಲೋ" ಎಂದ. ಪಟಾಕಿ ಕೆಳಗಿಟ್ಟ.

ಹಕ್ಕಿಗಳು ರಾಶಿಯ ಮೇಲೆ ಕೂತು, ನಾಲ್ಕು ಕಾಳು ಒಡೆದು ನೋಡಿ, ಕಾಡಿನ ಕಡೆ ಎದ್ದವು. ಮತ್ತೆ ಬರಲಿಲ್ಲ. ಮಳೆ ಹಿಡಿದ ಮೇಲೂ ಬದುವಿನಲ್ಲಿ ಒಂದು ಮೊಳಕೆಯೂ ಏಳಲಿಲ್ಲ. ಅಣ್ಣ ದಿನಾ ಹೋಗಿ ಬಗ್ಗಿ ನೋಡಿ ಬರುತ್ತಾನೆಂದು ಅತ್ತಿಗೆ ಮರುಗಿದರು.

ನೋಡಲಿ.