ಹಲಸೂರಿನ ಅಭಿಮನ್ಯು

ಹಲಸೂರಿನ ವರದಯ್ಯನವರಿಗೆ ವಯಸ್ಸು ಎಪ್ಪತ್ತೆಂಟಾದರೂ ಬೀದಿಯವರ ಬಾಯಲ್ಲಿ ಅವರಿನ್ನೂ ಹದಿನಾರರ ಅಭಿಮನ್ಯುವೇ. ಆ ಪಾತ್ರ ಕಟ್ಟುತ್ತಿದ್ದ ನಾಟಕ ಕಂಪನಿ ಮುಚ್ಚಿದ ಮೇಲೆ ವಿಮಾನಪುರದ ಯಾವುದೋ ಗೇಟಿನಲ್ಲಿ ಕಾವಲು ಕಾದರು, ಅಲ್ಲಿಂದಲೂ ನಿವೃತ್ತರಾದರು. ಗತ್ತಿಗೆ ಮಾತ್ರ ನಿವೃತ್ತಿಯಾಗಲಿಲ್ಲ. ಸೊಪ್ಪಿನ ಗಾಡಿಯ ಮುಂದೆ ನಿಂತು, “ಎಲೈ ವರ್ತಕನೇ, ಬಾಡಿದ ದಂಟಿಗೆ ನೀರೆರಚಿ ವಂಚಿಸುವೆಯಾ?” ಎಂದು ಗರ್ಜಿಸಿದರೆ ಚಾಂದ್ ಪಾಷಾ ಕೈಮುಗಿದು, “ಮಹಾರಾಜ್ರೇ, ಯುದ್ಧ ಆಮೇಲೆ ಮಾಡಿ, ಮೊದ್ಲು ಚೀಲ ಹಿಡೀರಿ” ಎನ್ನುತ್ತಾನೆ. ಕೇಳಿದವರಿಗೂ ಕೇಳದವರಿಗೂ ಅವರು ಹೇಳುವುದು ಒಂದೇ ಕಥೆ: ಚಕ್ರವ್ಯೂಹದಲ್ಲಿ ಹಾಡುತ್ತಲೇ ಪ್ರಾಣ ಬಿಡುತ್ತಿದ್ದುದು, ಜನ “ಒನ್ಸ್ ಮೋರ್” ಎಂದು ಕೂಗಿದೊಡನೆ ಎದ್ದು, ಧೂಳು ಕೊಡವಿಕೊಂಡು, ಮತ್ತೆ ಹಾಡಿ, ಮತ್ತೆ ಸಾಯುತ್ತಿದ್ದುದು. “ಒಂದೇ ಆಟದಲ್ಲಿ ನಾಲ್ಕು ಸಲ ಸತ್ತಿದ್ದೀನಿ ಕಣ್ರೀ! ಅಷ್ಟು ಪ್ರೀತಿಯಿಂದ ಕರೆದ್ರೆ ಸತ್ತವನೂ ಎದ್ದು ಬರ್ಲೇಬೇಕಲ್ವಾ?” ಮನೆಯಲ್ಲೂ ದಿನಾ ಬೆಳಿಗ್ಗೆ ಕ್ಷೌರ ಮಾಡಿಕೊಳ್ಳುತ್ತಾ ಅದೇ ಹಾಡು. ಮುಗಿಯುತ್ತಿದ್ದಂತೆ ಅಡುಗೆಮನೆಯಿಂದ ಹೆಂಡತಿ ಪಂಕಜಮ್ಮನ “ಒನ್ಸ್ ಮೋರ್!” ಕಾಫಿ ಆರಿ ಹೋದರೂ ಚಿಂತೆಯಿಲ್ಲ, ಮತ್ತೆ ಪಲ್ಲವಿಯಿಂದ ಶುರು. ಐವತ್ತು ವರ್ಷದಲ್ಲಿ ಆಕೆ ಒಂದು ದಿನವೂ ಕೂಗದೇ ಇದ್ದದ್ದಿಲ್ಲ. ಆ ಪಂಕಜಮ್ಮ ಕಳೆದ ಮಂಗಳವಾರ ತೀರಿಕೊಂಡರು. ವರದಯ್ಯನವರು ಅಳಲಿಲ್ಲ, ಹಾಡಲೂ ಇಲ್ಲ. ಚಟ್ಟ ಎತ್ತುವ ಹೊತ್ತಿಗೆ ಎಲ್ಲರನ್ನೂ ಕೈಯೆತ್ತಿ ತಡೆದರು. ಬಗ್ಗಿ, ಅವಳ ಕಿವಿಯ ಹತ್ತಿರ ಮೆಲ್ಲಗೆ, “ಪಂಕಜಾ, ಒನ್ಸ್ ಮೋರ್ ಕಣೇ” ಎಂದರು. ಆಮೇಲೆ ಪಕ್ಕಕ್ಕೆ ಸರಿದು, ಅವಳು ಏಳುವುದಕ್ಕೆ ಜಾಗ ಬಿಟ್ಟು ನಿಂತರು.