ಮೌನಪ್ಪನನ್ನು ತೆಗೆಸಬೇಡಿ

ಅಂಟುವಾಳಕಾಯಿಯನ್ನು ನೆನೆಹಾಕಿ ಕಿವುಚಿದಾಗ ಏಳುವ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ಪರಿಮಳವೆಂದು ಕರೆಯಲಾಗದು, ಕೊಂಚ ಹುಳಿ, ಕೊಂಚ ಒಗರು, ಒದ್ದೆಯಾದ ಗೋಣಿಚೀಲವನ್ನು ನೆನಪಿಗೆ ತರುವಂಥದು. ಮೊನ್ನೆ ಭಾನುವಾರ ಮಧ್ಯಾಹ್ನ ಶ್ರೀರಂಗಪಟ್ಟಣದ ನಮ್ಮ ವಠಾರದ ಹಿತ್ತಲಿನಲ್ಲಿ, ಒಗೆಯುವ ಕಲ್ಲಿನ ಮೇಲೆ ಬಟ್ಟಲಿಟ್ಟುಕೊಂಡು, ನನ್ನ ಕಿವಿಯೋಲೆಗಳನ್ನು ಆ ನೊರೆಯಲ್ಲಿ ಮುಳುಗಿಸಿದೆ. ಸಾಬೂನುಪುಡಿಗಳು ಕಾವೇರಿಗೆ ಮಾಡುತ್ತಿರುವ ಅನ್ಯಾಯವನ್ನು ಕುರಿತು ನಾನು ಮಾಡಿರುವ ಭಾಷಣಗಳಿಗೆ ಹೋಲಿಸಿದರೆ ಅಂಟುವಾಳವನ್ನು ಸ್ವತಃ ಬಳಸಿದ್ದು ಕಡಿಮೆಯೇ. ಪಕ್ಕದ ಮನೆಯ ಸರೋಜಮ್ಮ ಬಟ್ಟೆ ಹಿಂಡುತ್ತ ಬಟ್ಟಲಿನತ್ತ ಕಣ್ಣು ಹಾಯಿಸಿ, ಚಿನ್ನವನ್ನು ಹೀಗೆ ಬಯಲಲ್ಲಿ ಇಡಬೇಡಿ, ಮೂಲೆಮನೆಗೆ ಹೊಸಬರು ಬಂದಿದ್ದಾರೆ, ಎಂಥವರೋ ಏನೋ ಎಂದು ದನಿ ತಗ್ಗಿಸಿ ಹೇಳಿದರು. ವಾಸನೆ ಅಷ್ಟರಲ್ಲಿ ನನ್ನನ್ನು ಸಂತೆಬಾಚಹಳ್ಳಿಗೆ ಕರೆದೊಯ್ದಿತ್ತು.

ಕೆಲವು ವರ್ಷಗಳ ಹಿಂದೆ, ಮಹಿಳಾ ಸಂಘಟನೆಯೊಂದರ ಕೆಲಸಕ್ಕೆಂದು ಕೆ.ಆರ್. ಪೇಟೆ ತಾಲ್ಲೂಕಿನ ಆ ಊರಿನಲ್ಲಿ ನಾನೊಂದು ಕೋಣೆ ಬಾಡಿಗೆ ಹಿಡಿದಿದ್ದೆ. ನಾನು ಓದಿದ ಶಾಲೆ ಪ್ರಗತಿಪರವಾದದ್ದು. ಬೆಳಗಿನ ಪ್ರಾರ್ಥನೆಯ ಬದಲಿಗೆ ಅಲ್ಲಿ ಸಂವಿಧಾನದ ಪೀಠಿಕೆ ಓದಿಸುತ್ತಿದ್ದರು. ಎಲ್ಲರ ಊಟದ ಡಬ್ಬಿಗಳನ್ನು ಒಟ್ಟುಗೂಡಿಸಿ ಹಂಚುತ್ತಿದ್ದರು. ತಪ್ಪು ಕಂಡರೆ ಅದನ್ನು ಹೆಸರು ಹಿಡಿದೇ ಕರೆಯಬೇಕೆಂದು ಕಲಿಸಿದ್ದರು. ಆ ಕೊನೆಯ ಪಾಠವನ್ನು ನಾನು ಅಗತ್ಯಕ್ಕಿಂತ ಚೆನ್ನಾಗಿ ಕಲಿತೆ. ಮದುವೆಯ ಊಟದ ಪಂಕ್ತಿಯಲ್ಲಿ ಕುಳಿತು ವರದಕ್ಷಿಣೆಯ ಮಾತೆತ್ತಿ, ಪಾಯಸ ಬರುವ ಮೊದಲೇ ಎದ್ದುಬಂದವಳು ನಾನು. ವರದಕ್ಷಿಣೆ ತಪ್ಪೇ, ಅದರಲ್ಲಿ ನನಗೆ ಇಂದಿಗೂ ಅನುಮಾನವಿಲ್ಲ. ಆದರೆ ಆ ಪಾಯಸ ಚೆನ್ನಾಗಿತ್ತೆಂದು ಆಮೇಲೆ ಕೇಳಿಬಂತು.

ನನ್ನ ಕೋಣೆಯ ಎದುರಿಗೇ ಹಾಲಿನ ಡೇರಿ. ಬೆಳಗಾದರೆ ಕ್ಯಾನು ಹಿಡಿದ ಹೆಂಗಸರ ಸಾಲು. ಕಾರ್ಯದರ್ಶಿ ನಂಜೇಗೌಡ ಒಬ್ಬೊಬ್ಬರ ಹಾಲನ್ನೂ ಪರೀಕ್ಷಿಸಿ ಅಳೆದುಕೊಳ್ಳುವಷ್ಟು ಹೊತ್ತು ಸಾಲಿನಲ್ಲಿ ಒಂದೇ ಮಾತು: ಹಿಂದಿನ ರಾತ್ರಿಯ ಧಾರಾವಾಹಿ. ಅದೊಂದು ಪೊಲೀಸ್ ಕಥೆ. ಸಣ್ಣ ಊರೊಂದಕ್ಕೆ ವರ್ಗವಾಗಿ ಬಂದ ಮಹಿಳಾ ಇನ್ಸ್‌ಪೆಕ್ಟರು ಸರಗಳ್ಳರ ಜಾಲವನ್ನು ಭೇದಿಸುವುದು. ಕದ್ದ ಒಡವೆಗಳನ್ನು ಕರಗಿಸಿಕೊಡುವ ಮೌನಪ್ಪನೆಂಬ ಅಕ್ಕಸಾಲಿಯೊಬ್ಬ ಅವಳ ಕೈಗೆ ಸಿಗದೆ ಜಾರುವುದು. ಅರ್ಧ ಲೀಟರು ಹಾಲಿಗಾಗಿ ನಿಲ್ಲುತ್ತಿದ್ದ ನಾನು, ವಿಶ್ವವಿದ್ಯಾಲಯದ ವಿಚಾರಸಂಕಿರಣಗಳಲ್ಲಿಯೂ ಕೇಳಿರದಷ್ಟು ಗಂಭೀರವಾದ ಪಾತ್ರವಿಮರ್ಶೆಯನ್ನು ಅಲ್ಲಿ ಕೇಳಿದೆ. ಮೊದಮೊದಲು ಮೆಲ್ಲಗೆ ಮಾತನಾಡುತ್ತಿದ್ದ ಇನ್ಸ್‌ಪೆಕ್ಟರಮ್ಮ ಈಚೆಗೆ ಬಾಯಿಬಿಟ್ಟರೆ ಬೂಟಿನೇಟು ಎನ್ನುತ್ತಾಳಲ್ಲ, ಇದು ಅವಳ ಸ್ವಭಾವವೋ ಆ ಕುರ್ಚಿಯ ಸ್ವಭಾವವೋ ಎಂಬುದರ ಮೇಲೆ ಒಂದು ವಾರ ಚರ್ಚೆ ನಡೆಯಿತು.

“ಪ್ರಮೋಸನ್ನು ಅತ್ರ ಬಂದದೆ, ಅದ್ಕೆ ಅಂಗಾಡ್ತಾವ್ಳೆ,” ಎಂದು ನಂಜೇಗೌಡ ತೀರ್ಪು ಕೊಟ್ಟ. “ನಾನೂ ನಿಮ್ ಆಲಲ್ಲಿ ನೀರಿದ್ರೆ ಅಂಗೇ ಇಡಿತೀನಿ.”

“ಇಡಿಯೋನ್ನ ನೋಡು,” ಎಂದರು ಚೆಲುವಮ್ಮ. “ಓದ್ವಾರ ನಿನ್ ಚಪ್ಲಿ ಯಾವ್ ನಾಯಿ ಒತ್ಕೊಂಡೋಯ್ತು ಅಂತ ಕಂಡಿಡಿಯಕ್ಕಾಗ್ನಿಲ್ಲ ನಿನ್ ಕೈಲಿ. ಆಲ್ ಅಳುದ್ ಬುಡ್ಲಾ ಬಿರ್ನೆ.”

ಚೆಲುವಮ್ಮ ಊರಿನ ಹಳೆಯ ಒಕ್ಕಲು ಮನೆಯವರು. ನಾಲ್ಕು ಹಸು, ಗದ್ದೆ, ಮದುವೆಗೆ ಬಂದ ಮಗಳು ಸವಿತ. ಆ ಸಾಲಿನಲ್ಲಿ ಅವರ ಮಾತೇ ಕೊನೆಯ ಮಾತು. ಕ್ಯಾನು ಹಿಡಿದು ಯಾವಾಗಲೂ ಸಾಲಿನ ಕೊನೆಯಲ್ಲಿ, ಒಂದಿಷ್ಟು ಅಂತರ ಬಿಟ್ಟು ನಿಲ್ಲುತ್ತಿದ್ದವರು ರತ್ನಮ್ಮ. ಅವರು ಮೌನಪ್ಪನ ಬಗ್ಗೆ ಏನೂ ಹೇಳುತ್ತಿರಲಿಲ್ಲ. ಮೌನಪ್ಪನ ಹೆಸರು ಬಂದಾಗ ಉಳಿದವರೂ ಒಂದು ಕ್ಷಣ ದನಿ ಇಳಿಸಿ ಮತ್ತೆ ಏರಿಸುತ್ತಿದ್ದರು. ಕಾರಣ ನನಗೆ ತಿಳಿದದ್ದು ನಿಧಾನವಾಗಿ.

ರತ್ನಮ್ಮನ ಗಂಡ ಪುಟ್ಟಾಚಾರಿ ಊರಿನ ಅಕ್ಕಸಾಲಿ. ತಂದೆಯ ಕಾಲದಿಂದ ಸುತ್ತಲಿನ ಮನೆಗಳ ತಾಳಿ, ಓಲೆ, ಮೂಗುಬೊಟ್ಟುಗಳೆಲ್ಲ ಅವರ ಜಗಲಿಯಲ್ಲಿ ಆದವು. ನಾನು ಆ ಊರಿಗೆ ಹೋಗುವುದಕ್ಕೆ ಎಷ್ಟೋ ಮೊದಲು, ಒಂದು ದಿನ ಹಾಡುಹಗಲಿನಲ್ಲಿ, ಬೇರೆ ಜಿಲ್ಲೆಯ ಯಾವುದೋ ಠಾಣೆಯ ಜೀಪು ಬಂದು ಅವರನ್ನು ಕೂರಿಸಿಕೊಂಡು ಹೋಯಿತಂತೆ. ಸಿಕ್ಕಿಬಿದ್ದ ಸರಗಳ್ಳನೊಬ್ಬ ಅವರ ಹೆಸರು ಹೇಳಿದ್ದ. ಆ ಹೆಸರನ್ನು ಅವನ ಬಾಯಿಂದ ಹೇಗೆ ಹೊರಡಿಸಿದರೆಂದು ಯಾರೂ ಕೇಳಲಿಲ್ಲ. ಕೆಲವು ದಿನಗಳ ಮೇಲೆ, ಸರ ಕೊಂಡವರು ಬೇರೆಯವರೆಂದು ಗೊತ್ತಾಗಿ, ಪುಟ್ಟಾಚಾರಿಯನ್ನು ಬಿಟ್ಟರು. ಮೊಕದ್ದಮೆಯಿಲ್ಲ, ಏನಿಲ್ಲ. ಅವರು ಬಸ್ಸು ಹಿಡಿದು ಊರಿಗೆ ಬಂದರು. ಇಲ್ಲಿರುವ ಅನ್ಯಾಯವನ್ನು ಹೆಸರು ಹಿಡಿದು ಕರೆಯದೆ ಮುಂದೆ ಹೋಗಲಾರೆ, ಕ್ಷಮಿಸಿ. ಒಯ್ಯುವುದಕ್ಕೆ ಜೀಪು, ಹಿಂದಿರುಗುವುದಕ್ಕೆ ಬಸ್ಸು. ಒಯ್ದದ್ದನ್ನು ಇಡೀ ಊರು ನೋಡಿತು; ತಪ್ಪಿಲ್ಲವೆಂದು ಬಿಟ್ಟದ್ದನ್ನು ಹೇಳಲು ಒಬ್ಬ ಪೇದೆಯೂ ಬರಲಿಲ್ಲ.

ಊರಿನಲ್ಲಿ ಅವರನ್ನು ಕಳ್ಳನೆಂದು ಯಾರೂ ಕರೆಯಲಿಲ್ಲ. ಕಂಡರೆ ಮಾತನಾಡಿಸುತ್ತಿದ್ದರು, ಹಬ್ಬಕ್ಕೆ ಕರೆಯುತ್ತಿದ್ದರು. ಚಿನ್ನ ಮಾತ್ರ ಕೆ.ಆರ್. ಪೇಟೆಯ ಗಾಜಿನ ಬಾಗಿಲಿನ ಅಂಗಡಿಗಳಿಗೆ ಹೋಗತೊಡಗಿತು. ಪುಟ್ಟಾಚಾರಿ ಚಿನ್ನ ಕರಗಿಸುವ ಕುಂಪಟೆಯಲ್ಲಿ ಕೆಂಡ ಕಾಣುವುದು ಅಪರೂಪವಾಯಿತು. ರತ್ನಮ್ಮ ಹಸು ಕಟ್ಟಿದರು. ಇಂಥ ಹೊತ್ತಿನಲ್ಲಿ ಆ ಧಾರಾವಾಹಿ, ಆ ಮೌನಪ್ಪ.

ನನ್ನ ಕೋಪವನ್ನು ನೀವು ಊಹಿಸಬಲ್ಲಿರಿ. ಒಂದು ಕಸುಬಿನವರನ್ನೆಲ್ಲ ಕಳ್ಳಮಾಲಿನವರೆಂದು ಬಿಂಬಿಸುವುದು ಒಂದು ತಪ್ಪು. ಖಳನ ಮುಖಕ್ಕೆ ಮಸಿ ಬಳಿದು ನಾಯಕಿಯ ಮುಖಕ್ಕೆ ಸುಣ್ಣ ಬಳಿಯುವುದು ಇನ್ನೊಂದು. ಠಾಣೆಯೊಳಗಿನ ಹೊಡೆತಕ್ಕೆ ಹಿನ್ನೆಲೆಯಲ್ಲಿ ನಗಾರಿ ಬಾರಿಸಿ ಅದನ್ನು ಶೌರ್ಯವೆಂದು ತೋರಿಸುವುದು ಎಲ್ಲಕ್ಕಿಂತ ದೊಡ್ಡದು. ಇವನ್ನೆಲ್ಲ ವಿವರಿಸಿ ವಾಹಿನಿಗೆ ಒಂದು ಮನವಿ ಸಿದ್ಧಪಡಿಸಿದೆ. ಮೌನಪ್ಪನ ಪಾತ್ರವನ್ನು ಕೂಡಲೇ ತೆಗೆದುಹಾಕಬೇಕೆಂಬುದು ಅದರ ಮುಖ್ಯ ಬೇಡಿಕೆ. ಸಹಿ ಪಡೆಯಲು ಬೆಳಿಗ್ಗೆಯೇ ಡೇರಿಯ ಮುಂದೆ ನಿಂತು, ಸಭೆಯಲ್ಲಿ ಓದುವ ದನಿಯಲ್ಲಿ ಅದನ್ನು ಓದಿದೆ.

ಯಾರೂ ತಲೆದೂಗಲಿಲ್ಲ. ಎಲ್ಲರೂ ನನ್ನನ್ನು ಒಂದು ಬಗೆಯ ಕನಿಕರದಿಂದ ನೋಡುತ್ತಿದ್ದರು. ಆದದ್ದಿಷ್ಟೇ: ಹಿಂದಿನ ರಾತ್ರಿಯ ಕಂತನ್ನು ಸಂತೆಬಾಚಹಳ್ಳಿಯಲ್ಲಿ ನೋಡದೆ ಇದ್ದವಳು ನಾನೊಬ್ಬಳೇ, ನನ್ನ ಕೋಣೆಯಲ್ಲಿ ಟಿವಿ ಇರಲಿಲ್ಲ. ಧಾರಾವಾಹಿಯನ್ನು ಖಂಡಿಸಲು ಅದನ್ನು ಬಿಡದೆ ನೋಡಬೇಕೆಂಬ ನಿಯಮವನ್ನು ನನ್ನ ಶಾಲೆ ಕಲಿಸಿರಲಿಲ್ಲ. ಆ ಕಂತಿನಲ್ಲಿ ಮೌನಪ್ಪ, ಕದ್ದ ಒಡವೆಗಳ ಗಂಟು ಬಿಚ್ಚಿ, ಒಂದು ತಾಳಿಯನ್ನು ಎತ್ತಿಕೊಂಡು ನೋಡುತ್ತಾನಂತೆ. ಅದು ಒಂದು ಕಾಲದಲ್ಲಿ ಅವನೇ ಮಾಡಿಕೊಟ್ಟ ತಾಳಿ. ಕರಗಿಸುವ ಮೂಸೆಗೆ ಹಾಕಲು ಅವನಿಂದಾಗುವುದಿಲ್ಲ. ಅಂಗೈಯಲ್ಲಿ ಹಿಡಿದುಕೊಂಡು ಕೆಂಡ ಬೂದಿಯಾಗುವವರೆಗೆ ಕುಳಿತಿರುತ್ತಾನೆ.

ಎಷ್ಟು ಬೇಗ ಬದಲಾಗಿಬಿಟ್ಟನಲ್ಲ, ಇದು ನಂಬುವ ಹಾಗಿಲ್ಲ ಎಂದು ನಂಜೇಗೌಡ ವಾದ ಹೂಡಿದ್ದ. ಚೆಲುವಮ್ಮ ಒಪ್ಪಲಿಲ್ಲ.

“ಬದ್ಲಾಗದೇನ್ ಬಂತ್ಲಾ. ಅವ್ನ್ ಮೊದ್ಲಿಂದ್ಲೂ ಅಂಗೇ ಇದ್ದ. ಇವ್ರು ತೋರುಸ್ದೋರು ಬರೀ ಕ್ವಾರೆ ಅಲ್ಲನ್ನ ತೋರುಸ್ತಿದ್ರು, ನಾವೂ ಅದ್ನೇ ನೋಡ್ಕೊಂಡ್ ಕುಂತಿದ್ದೊ.”

ಆಗಲೇ, ಸಾಲಿನ ಕೊನೆಯಿಂದ, ಮೊದಲ ಸಲ ರತ್ನಮ್ಮನ ದನಿ ಕೇಳಿಸಿತು. ಅವರು ನನ್ನ ಕೈಯಲ್ಲಿದ್ದ ಹಾಳೆಯನ್ನು ನೋಡುತ್ತಿದ್ದರು.

“ಅವ್ನನ್ನ ತಗುಸ್ಬೇಡಿ ಮೇಡಮ್ಮೋರೆ. ಈಗ ತಗುದ್ಬುಟ್ರೆ ಅವ್ನು ಕಳ್ಳ ಆಗೇ ಉಳ್ಕೊಂಡ್ಬುಡ್ತಾನೆ.”

ನಾನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಚೀಲದಲ್ಲಿಟ್ಟೆ. ಪೊಲೀಸರ ಹೊಡೆತ ಮತ್ತು ಮುಖದ ಬಣ್ಣದ ಆಕ್ಷೇಪಗಳನ್ನು ಮಾತ್ರ ಉಳಿಸಿ ಬೇರೆ ಬರೆದು ಕಳಿಸಿದೆ. ಅದಕ್ಕೆ ಎಲ್ಲರೂ ಸಹಿ ಹಾಕಿದ್ದರು. ಉತ್ತರ ಬರಲಿಲ್ಲ, ಅದು ಬೇರೆ ಮಾತು.

ಅಂದಿನಿಂದ ನಾನೂ ಚೆಲುವಮ್ಮನ ಮನೆಯ ನಡುಮನೆಯಲ್ಲಿ ಕುಳಿತು ಧಾರಾವಾಹಿ ನೋಡತೊಡಗಿದೆ. ಮೌನಪ್ಪ ಆ ತಾಳಿಯನ್ನು ಬಟ್ಟೆಯಲ್ಲಿ ಸುತ್ತಿ, ಅದರ ಒಡತಿಯನ್ನು ಹುಡುಕಿಕೊಂಡು ಹೊರಟ. ಅವನು ಬಾಗಿಲು ತಟ್ಟುವುದನ್ನು ಊರು ಕಾಯುತ್ತಿತ್ತು. ರತ್ನಮ್ಮನೂ ಸಾಲಿನಲ್ಲಿ ಒಂದೆರಡು ಮಾತು ಸೇರಿಸುತ್ತಿದ್ದರು. ಮೊದಲಿನ ಅಂತರವೂ ಕಡಿಮೆಯಾಗಿತ್ತು. ಅಷ್ಟರಲ್ಲಿ ಏನಾಯಿತೋ, ಇನ್ಸ್‌ಪೆಕ್ಟರಮ್ಮನಿಗೆ ಬೇರೆ ಊರಿಗೆ ವರ್ಗವಾಯಿತು. ಕಥೆ ಅವಳ ಹಿಂದೆ ಹೊರಟುಹೋಯಿತು. ಹೊಸ ಊರು, ಹೊಸ ಕಳ್ಳರು. ಮೌನಪ್ಪನ ಸುದ್ದಿಯೇ ಇಲ್ಲ.

ಡೇರಿಯ ಮುಂದೆ ಅಸಮಾಧಾನ ಹೊಗೆಯಾಡಿತು. ಒಬ್ಬ ಮನುಷ್ಯನನ್ನು ದಾರಿಯ ಮಧ್ಯೆ ನಿಲ್ಲಿಸಿ ಹೋಗುವುದು ಎಂಥ ನ್ಯಾಯವೆಂದು ಎಲ್ಲರೂ ಕೇಳಿದರು. ರತ್ನಮ್ಮ ಮತ್ತೆ ಸಾಲಿನಿಂದ ಮೊದಲಿನಷ್ಟೇ ದೂರ ನಿಂತಿದ್ದರು. ಚೆಲುವಮ್ಮ ಅವರತ್ತ ತಿರುಗಿದರು.

“ಅವ್ರೇನೋ ಒಂದ್ ಮಾತೇಳ್ದೆ ಬುಟ್ಟೋದ್ರು,” ಎಂದರು. “ನಾವು ಬುಡಕಾಯ್ತದಾ?” ಆಮೇಲೆ, ಹಾಲಿನ ಮಾತೇನೋ ಆಡುವಂತೆ, “ರತ್ನಮ್ಮ, ಸುಕ್ರುವಾರ ಸವಿತಂದು ತಾಳಿ ಚಿನ್ನ ತತ್ತೀವಿ. ನಿನ್ ಗಂಡನ್ಗೆ ಏಳು, ಕುಂಪಟೆ ಅಚ್ಚಿರ್ಲಿ.”

ಇಲ್ಲಿ ನನ್ನದೊಂದು ತೊಡಕು. ತಾಳಿ ಹೆಣ್ಣಿನ ಕೊರಳಿಗೆ ಬಿಗಿದ ಹಗ್ಗವೆಂದು ಅದೇ ಊರಿನ ಸಮುದಾಯ ಭವನದಲ್ಲಿ ನಾನು ಭಾಷಣ ಮಾಡಿದ್ದೆ. ಚೆಲುವಮ್ಮ ಮೊದಲ ಸಾಲಿನಲ್ಲಿ ಕುಳಿತು ಕೇಳಿದ್ದರು. ಅವರು ಅದನ್ನು ಮರೆತಿರಲಿಲ್ಲ.

“ನೀವೂ ಬನ್ನಿ,” ಎಂದರು. “ಅಗ್ಗ ಅಂದ್ರಲ್ಲ, ಅಗ್ಗ ಮಾಡೋದ್ನ ನೋಡೀರಂತೆ.”

ಶುಕ್ರವಾರ ಚೆಲುವಮ್ಮ, ಸವಿತರ ಜೊತೆ ನಾನೂ ಹೋದೆ. ತಟ್ಟೆ ಹಿಡಿಯುವವರು ಒಬ್ಬರು ಕಡಿಮೆಯಾಗಿ ಅದು ನನ್ನ ಕೈಗೇ ಬಂತು: ಎಲೆ ಅಡಿಕೆ, ತೆಂಗಿನಕಾಯಿ, ಅಕ್ಕಿ, ಬೆಲ್ಲ, ನಡುವೆ ಅರಿಶಿನದ ಬಟ್ಟೆಯಲ್ಲಿ ಸುತ್ತಿದ ಚಿನ್ನ. ಪುಟ್ಟಾಚಾರಿಯ ಜಗಲಿ ಸಾರಿಸಿತ್ತು. ಒಂದು ಮೂಲೆಯಲ್ಲಿ ರತ್ನಮ್ಮ ಬಟ್ಟಲಿನಲ್ಲಿ ಅಂಟುವಾಳ ಕಿವುಚುತ್ತ ಕುಳಿತಿದ್ದರು. ಒಡವೆ ಮುಗಿದ ಮೇಲೆ ತೊಳೆಯಲು ಬೇಕಾಗುವ ವಸ್ತು ಅದು. ಚಿನ್ನ ಇನ್ನೂ ಕೈಗೇ ಬಂದಿರಲಿಲ್ಲ. ಪುಟ್ಟಾಚಾರಿ ಚಿನ್ನ ಬಡಿಯುವ ಅಡಿಗಲ್ಲಿಗೆ ಕುಂಕುಮವಿಟ್ಟು ತಟ್ಟೆಯನ್ನು ಎರಡೂ ಕೈಯಿಂದ ತೆಗೆದುಕೊಂಡರು. ಬಟ್ಟೆ ಬಿಚ್ಚಿ, ಚಿನ್ನವನ್ನು ತಕ್ಕಡಿಯಲ್ಲಿಟ್ಟು, ತಕ್ಕಡಿಯನ್ನು ಚೆಲುವಮ್ಮನ ಕಡೆಗೆ ತಿರುಗಿಸಿದರು.

“ನೋಡ್ಕಳಿ ಅವ್ವಾರೆ. ಮುಗಿಯೋಗಂಟ ಇಲ್ಲೇ ಕುಂತಿರಿ. ಏನ್ ಬೇಜಾರಿಲ್ಲ.”

ಹಾಗೆನ್ನುವಾಗ ಅವರು ಮುಖವೆತ್ತಲಿಲ್ಲ. ಚೆಲುವಮ್ಮ ತಕ್ಕಡಿಯನ್ನೂ ನೋಡಲಿಲ್ಲ. ಪುಟ್ಟಾಚಾರಿ ಕೆಂಡ ಊದಿದರು, ಚಿನ್ನ ಕರಗಿತು, ಅಚ್ಚಿಗೆ ಸುರಿದು ಆರಿಸಿ ಅಡಿಗಲ್ಲಿನ ಮೇಲಿಟ್ಟು ಮೊದಲ ಪೆಟ್ಟು ಹೊಡೆದರು. ಚೆಲುವಮ್ಮ ಸೆರಗು ಕೊಡವಿ ಎದ್ದರು.

“ಆಲ್ ಕರಿಯೋ ಒತ್ತಾಯ್ತು ಕಣಪ್ಪ. ನಿಮ್ಮಪ್ಪನ್ ಕಾಲ್ದಲ್ಲಿ ಯಾರ್ ಕುಂತಿದ್ರು, ಈಗ್ ನಾವ್ ಕುಂತ್ಕಳಕೆ?”

ಸವಿತಳೂ ಎದ್ದಳು. ನಾನು ಏಳಲಿಲ್ಲ. ಅನ್ಯಾಯಕ್ಕೊಳಗಾದವರ ಪಕ್ಕದಲ್ಲಿ ಕೊನೆಯವರೆಗೂ ಕುಳಿತಿರಬೇಕೆಂಬುದು ನನ್ನ ನಿಷ್ಠೆ. ಧರಣಿಗಳಲ್ಲಿ ಪಳಗಿದ ಶರೀರ. ಚಕ್ಕಳಮಕ್ಕಳ ಹಾಕಿ ಇನ್ನಷ್ಟು ಗಟ್ಟಿಯಾಗಿ ಕುಳಿತೆ. ಚೆಲುವಮ್ಮ ಬಾಗಿ ನನ್ನ ರಟ್ಟೆ ಹಿಡಿದು ಕಿವಿಯ ಬಳಿ ಹೇಳಿದರು:

“ಎದ್ದೇಳಿ ಮೇಡಮ್ಮೋರೆ. ಕಾವಲ್ ಕುಂತಂಗ್ ಕಾಣ್ತದೆ.”

ಆಗ ನನಗೆ ಪದ್ಧತಿ ಅರ್ಥವಾಯಿತು. ಮೊದಲ ಪೆಟ್ಟು ಬಿದ್ದ ಮೇಲೆ ಚಿನ್ನ ಕೊಟ್ಟವರು ಎದ್ದು ಹೋಗಬೇಕು. ಚಿನ್ನ ಅಕ್ಕಸಾಲಿಯ ಬಳಿಯೇ ಉಳಿಯಬೇಕು. ಅಂಗಡಿಯಲ್ಲಿ ಆಗದಿರುವುದು ಅದೊಂದೇ. ನಾನು ಎದ್ದ ರಭಸಕ್ಕೆ ತಟ್ಟೆಯಲ್ಲಿ ಉಳಿದಿದ್ದ ಅಕ್ಕಿ ಚೆಲ್ಲಿತು. ಮೆಟ್ಟಿಲಿಳಿಯುವಾಗ ತಿರುಗಿ ನೋಡಿದೆ. ಪುಟ್ಟಾಚಾರಿ ತಲೆ ತಗ್ಗಿಸಿ ಬಡಿಯುತ್ತಿದ್ದರು. ರತ್ನಮ್ಮ ಮಾತ್ರ ಇನ್ನೂ ಅಂಟುವಾಳ ಕಿವುಚುತ್ತಲೇ ಇದ್ದರು. ನೊರೆ ಬಟ್ಟಲು ಮೀರಿ, ಮಣಿಕಟ್ಟು ದಾಟಿ, ಸಾರಿಸಿದ ನೆಲದ ಮೇಲೆ ಹರಡುತ್ತಿತ್ತು. ಅದನ್ನು ನಿಲ್ಲಿಸಬೇಕೆಂದು ಅವರಿಗೆ ತೋಚಿದಂತಿರಲಿಲ್ಲ.

ಊರು ಬಿಡುವ ಮೊದಲು ಈ ಓಲೆಗಳನ್ನು ನಾನು ಅಲ್ಲಿಯೇ ಮಾಡಿಸಿದೆ. ಚಿನ್ನ ಕೊಟ್ಟು, ಮೊದಲ ಪೆಟ್ಟಿಗೆ ಎದ್ದು, ಹಿಂದಿರುಗಿ ನೋಡದೆ ನಡೆದುಬಂದೆ. ನನ್ನ ಆ ನಡಿಗೆ ಸ್ವಲ್ಪ ಅತಿಯಾಗಿತ್ತೆಂದು ನಂಜೇಗೌಡ ಆಮೇಲೆ ಡೇರಿಯ ಮುಂದೆ ನಡೆದು ತೋರಿಸಿದನಂತೆ.

ಭಾನುವಾರ ಸರೋಜಮ್ಮನ ಟಿವಿಯಲ್ಲಿ ವಾರದ ಕಂತುಗಳನ್ನೆಲ್ಲ ಮತ್ತೆ ಹಾಕುತ್ತಾರೆ. ಈಗ ಬರುತ್ತಿರುವುದು ಬೇರೊಂದು ಪೊಲೀಸ್ ಧಾರಾವಾಹಿ. ಅದರಲ್ಲೊಬ್ಬ ಗುಜರಿ ಅಂಗಡಿಯವನಿದ್ದಾನೆ, ಎಲ್ಲ ಅನುಮಾನವೂ ಅವನ ಮೇಲೆಯೇ. ಆಕ್ಷೇಪಗಳು ನನ್ನಲ್ಲಿ ಆಗಲೇ ಸಾಲುಗಟ್ಟಿವೆ. ಬರೆಯುತ್ತೇನೆ, ಬರೆಯದೆ ಬಿಡುವವಳಲ್ಲ. ಆದರೆ ಅವನನ್ನು ತೆಗೆಯಿರಿ ಎಂದಲ್ಲ, ಅವನ ಪೂರ್ತಿ ಮುಖ ತೋರಿಸಿ ಎಂದು.

ಮೊನ್ನೆಯೂ ಸರೋಜಮ್ಮನ ಮನೆಯೊಳಗಿನಿಂದ ಅದರ ಶೀರ್ಷಿಕೆಯ ಸಂಗೀತ ಕೇಳಿಸಿತು. ಅದೇ ವೇಳೆಗೆ ಮೂಲೆಮನೆಯ ಹೆಂಗಸು ಬಿಂದಿಗೆ ಹಿಡಿದು ನಲ್ಲಿಯ ಬಳಿಗೆ ಬಂದರು. ಸರೋಜಮ್ಮ ಬಾಗಿಲಲ್ಲಿ ನಿಂತು ಓಲೆಗಳಿದ್ದ ಬಟ್ಟಲನ್ನೂ ನನ್ನನ್ನೂ ನೋಡಿ ಕಣ್ಸನ್ನೆ ಮಾಡಿದರು. ನಾನು ಆ ಹೆಂಗಸಿಗೆ, ಕಲ್ಲಿನ ಮೇಲೆ ಜಾಗ ಬೇಕಾದರೆ ಬಟ್ಟಲನ್ನು ಪಕ್ಕಕ್ಕೆ ಸರಿಸಿಕೊಳ್ಳಿ ಎಂದು ಹೇಳಿ, ಕೈಯೊರಸಿಕೊಂಡು ಎದ್ದು ಒಳಗೆ ಹೋದೆ.